ಪೆನ್ನು ಮುಟ್ಟದೆ ಕೊರಿಯನ್

ಸಿಯೋಲ್ ಮೆಟ್ರೋದ ಮೂರನೇ ಮಾರ್ಗದಲ್ಲೊಂದು ನಿಲ್ದಾಣ. ಫಲಕದ ಮೇಲೆ ಮೂರೇ ಮೂರು ಅಕ್ಷರಗುಚ್ಛಗಳು. ಒಂದೊಂದಾಗಿ ಬಿಡಿಸಿ ಓದಿದರೆ ದೊಕ್, ರಿಪ್, ಮುನ್. ಆದರೆ ಅಲ್ಲಿನ ಜನ ಆ ಹೆಸರನ್ನು ಹೇಳುವುದು ದೊಂಗ್‌ನಿಮ್‌ಮುನ್ ಎಂದು! ದೊಕ್‌ನ ಕಕಾರ ಎತ್ತ ಹೋಯಿತು? ರಿ ಇದ್ದದ್ದು ನಿ ಆದದ್ದು ಹೇಗೆ? ಪಕಾರ ಮಕಾರವಾದದ್ದು ಯಾವ ಮಾಯೆಯಿಂದ? ಬರೆದವರದೂ ತಪ್ಪಿಲ್ಲ, ಹೇಳುವವರದೂ ತಪ್ಪಿಲ್ಲ. ಉತ್ತರದ ಬಹುಪಾಲು ನಮ್ಮ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲೇ ಇದೆ. ವಾಕ್ ಮತ್ತು ಮಯ ಸೇರಿ ವಾಙ್ಮಯ, ಷಟ್ ಮತ್ತು ಮುಖ ಸೇರಿ ಷಣ್ಮುಖ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ಅನುನಾಸಿಕ ಸಂಧಿ! ಮುಂದೆ ಮೂಗಿನ ಅಕ್ಷರ ಬಂದರೆ ಹಿಂದಿನ ಕಕಾರ ಙಕಾರವಾಗುತ್ತದೆ, ಪಕಾರ ಮಕಾರವಾಗುತ್ತದೆ. ಸಾವಿರಾರು ಮೈಲಿ ಆಚೆಯ ರೈಲು ನಿಲ್ದಾಣದ ಹೆಸರಿನಲ್ಲಿ ನಮ್ಮ ಪರೀಕ್ಷೆಯ ಎರಡಂಕದ ಪ್ರಶ್ನೆ ಕೂತಿದೆ.

ವ್ಯತ್ಯಾಸ ಇರುವುದು ಒಂದೇ ಕಡೆ. ನಾವು ಸಂಧಿಯಾದ ಮೇಲೆ ಬರೆಯುತ್ತೇವೆ. ಕಿವಿಗೆ ಬಿದ್ದ ಙಕಾರವನ್ನೇ ಕಾಗದಕ್ಕೆ ಇಳಿಸುತ್ತೇವೆ. ಕೊರಿಯನ್ನರು ಕಾಗದದ ಮೇಲೆ ಪದಗಳನ್ನು ಬಿಡಿಬಿಡಿಯಾಗಿ, ಮೂಲರೂಪದಲ್ಲೇ ಇಡುತ್ತಾರೆ. ಸಂಧಿ ನಡೆಯುವುದು ಬಾಯಲ್ಲಿ ಮಾತ್ರ. ಇದು ಹೊಳೆದ ಕ್ಷಣದಿಂದ ನನಗೆ ಕೊರಿಯನ್ ಕಲಿಕೆಯ ಒಂದು ಹಳೆಯ ಜಗಳವೇ ಬೇರೆಯಾಗಿ ಕಾಣತೊಡಗಿತು.

ಮಾತಾಡಲು ಬರಬೇಕು, ಓದಲು ಬರಬೇಕು, ಬರೆಯುವುದು ಬೇಡ ಎನ್ನುವವರು ಈಗ ಬಹಳ ಜನ. ಕೊರಿಯನ್ ಧಾರಾವಾಹಿಗಳಿಂದ ಶುರುವಾಗಿ, ಹಾಡುಗಳಿಗೆ ಹೊರಳಿ, ಆಮೇಲೆ ಆ ಲಿಪಿಯ ಮೋಹಕ್ಕೆ ಬಿದ್ದವರು. ಇವರನ್ನು ಅರ್ಧ ಕಲಿತವರು, ಸೋಮಾರಿಗಳು ಎಂದು ಮೂಗು ಮುರಿಯುವವರೂ ಇದ್ದಾರೆ. ಭಾಷೆಯೆಂದರೆ ಕೇಳು, ಮಾತಾಡು, ಓದು, ಬರೆ, ನಾಲ್ಕೂ ಒಟ್ಟಿಗೇ ಬರಬೇಕು ಎಂಬುದು ಅವರ ವಾದ. ಹುಡುಕುತ್ತ ಹೋದಂತೆ ನನಗೆ ಸಿಕ್ಕಿದ್ದೇ ಬೇರೆ: ಕೊರಿಯನ್ ಬರವಣಿಗೆ ಇಂದು ನಿಂತಿರುವುದೇ ಓದುವವನ ಪರವಾಗಿ. ಕಷ್ಟವನ್ನೆಲ್ಲ ಬರೆಯುವವನ ತಲೆಗೆ ಕಟ್ಟಿ, ಸುಖವನ್ನೆಲ್ಲ ಓದುವವನಿಗೆ ಕೊಟ್ಟ ಲಿಪಿ ಅದು. ಓದುವುದಷ್ಟೇ ಸಾಕೆಂದವನು ಅದರ ಸಿಹಿಯಾದ ಪಾಲನ್ನೇ ಆರಿಸಿಕೊಂಡಿದ್ದಾನೆ.

ಮೊದಲು ಅಕ್ಷರಗಳನ್ನೇ ನೋಡಿ. ದೊಂಗ್‌ನಿಮ್‌ಮುನ್‌ನ ಕೊನೆಯ ಗುಚ್ಛ ಮುನ್. ಮೇಲೆ ಒಂದು ಪುಟ್ಟ ಚೌಕ, ಅದು ಮಕಾರ. ಅದರ ಕೆಳಗೆ ಒಂದು ಅಡ್ಡಗೆರೆ, ಗೆರೆಯ ನಡುವಿನಿಂದ ಕೆಳಕ್ಕಿಳಿದ ಒಂದು ಚಿಕ್ಕ ಗೀಟು, ಅದು ಉಕಾರ. ತಳದಲ್ಲಿ, ನೇರ ಇಳಿದು ಬಲಕ್ಕೆ ತಿರುಗಿದ ಗೆರೆ, ಅದು ನಕಾರ. ಈಗ ನಕಾರವನ್ನು ಬಾಯಲ್ಲಿ ಹೇಳಿ ಹಾಗೇ ಹಿಡಿದು ನಿಲ್ಲಿಸಿ. ನಾಲಗೆಯ ತುದಿ ಮೇಲೆದ್ದು ಹಲ್ಲಿನ ಹಿಂದೆ ಅಂಟಿದೆ, ಉಳಿದ ನಾಲಗೆ ಕೆಳಗೆ ಚಾಚಿದೆ. ಆ ಗೆರೆ ಇದೇ ನಾಲಗೆಯ ಚಿತ್ರ! ಕಕಾರ ಹೇಳಿ ನೋಡಿ. ನಾಲಗೆಯ ಬುಡ ಎದ್ದು ಗಂಟಲನ್ನು ಮುಚ್ಚುತ್ತದೆ. ಕಕಾರದ ಗೆರೆ ಮೇಲಿನಿಂದ ಅಡ್ಡ ಹೋಗಿ ಕೆಳಕ್ಕೆ ಬಾಗುತ್ತದೆ. ಚೌಕ ಎಂದರೆ ಬಾಯಿ. ಸಕಾರ ಎಂದರೆ ಹಲ್ಲು. ಸೊನ್ನೆಯಂಥ ವೃತ್ತ ಎಂದರೆ ಗಂಟಲು. ಅಕ್ಷರ ನೋಡಿದರೆ ಉಚ್ಚಾರಣೆ ಹೇಗೆಂಬುದರ ನಕ್ಷೆಯೇ ಕಣ್ಣೆದುರಿಗಿದೆ. ಇದನ್ನು ಕಲಿಯಲು ನಕಲು ಪುಸ್ತಕ ಬೇಕೆ? ಬಾಯಿ ಸಾಕು.

ಇದನ್ನು ಮಾಡಿದವನು ಜೊಸೊನ್ ವಂಶದ ನಾಲ್ಕನೆಯ ರಾಜ ಸೆಜೊಂಗ್. 1443ರಲ್ಲಿ ಅಕ್ಷರಗಳು ಸಿದ್ಧವಾದವು, 1446ರಲ್ಲಿ ನಾಡಿಗೆ ಪ್ರಕಟವಾದವು. ಅಲ್ಲಿಯವರೆಗೆ ಕೊರಿಯಾದಲ್ಲಿ ಬರವಣಿಗೆ ಎಂದರೆ ಚೀನೀ ಲಿಪಿ. ವರ್ಷಗಟ್ಟಲೆ ಕೂತು ಕಲಿಯಲು ಪುರುಸೊತ್ತಿದ್ದ ಪಂಡಿತರ ಸೊತ್ತು. ರಾಜನ ಅಕ್ಷರಗಳ ಜೊತೆಗೆ ಅವನ ವಿದ್ವಾಂಸರು ಒಂದು ವಿವರಣೆಯ ಗ್ರಂಥವನ್ನೂ ಬರೆದರು. ಅದರ ಹಿನ್ನುಡಿ ಬರೆದ ಜೊಂಗ್ ಇಂಜಿ ಎಂಬ ವಿದ್ವಾಂಸ, ಬುದ್ಧಿವಂತನಾದರೆ ಬೆಳಗಿನ ಹೊತ್ತು ಮುಗಿಯುವುದರೊಳಗೆ ಇದನ್ನು ಅರಿತುಕೊಂಡಾನು, ಮಂದಬುದ್ಧಿಯವನಿಗೂ ಹತ್ತು ದಿನ ಸಾಕು ಎಂಬ ಅರ್ಥದಲ್ಲಿ ಧೈರ್ಯವಾಗಿ ಹೇಳಿಬಿಟ್ಟ. ಓದುವ ಮಟ್ಟಿಗೆ ಆ ಮಾತು ಇಂದಿಗೂ ಉತ್ಪ್ರೇಕ್ಷೆಯಲ್ಲ.

ಆದರೆ ಆ ಗ್ರಂಥವೇ ಶತಮಾನಗಳ ಕಾಲ ಕಣ್ಮರೆಯಾಗಿತ್ತು! ಅಕ್ಷರಗಳ ಆಕಾರ ಎಲ್ಲಿಂದ ಬಂತೆಂದು ವಿದ್ವಾಂಸರು ಊಹೆಯ ಮೇಲೆ ಊಹೆ ಕಟ್ಟುತ್ತಿದ್ದರು. ಕಿಟಕಿಯ ಜಾಲರಿಯ ಪಟ್ಟಿಗಳನ್ನು ನೋಡಿ ರಾಜನಿಗೆ ಹೊಳೆದಿರಬೇಕು ಎಂದವರೂ ಇದ್ದರು. 1940ರಲ್ಲಿ ಆಂದೊಂಗ್ ಕಡೆಯ ಒಂದು ಹಳೆಯ ಮನೆತನದಲ್ಲಿ ಗ್ರಂಥದ ಒಂದು ಪ್ರತಿ ಪತ್ತೆಯಾಯಿತು. ಜಪಾನಿನ ಆಳ್ವಿಕೆ, ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರದಬ್ಬುತ್ತಿದ್ದ ಕಾಲ. ಜೊನ್ ಹ್ಯೊಂಗ್‌ಪಿಲ್ ಎಂಬ ಕಲಾಸಂಗ್ರಾಹಕ ಅದನ್ನು ಕೊಂಡುಕೊಂಡರು. ಕೇಳಿದ ಬೆಲೆ ಸಾವಿರ ವೊನ್, ಅವರು ಕೊಟ್ಟದ್ದು ಹತ್ತು ಸಾವಿರ ಎಂದು ಅಲ್ಲಿ ಹೇಳುತ್ತಾರೆ. ಸ್ವಾತಂತ್ರ್ಯ ಬರುವವರೆಗೂ ಅದನ್ನು ಬಚ್ಚಿಟ್ಟರು. ತೆರೆದು ನೋಡಿದರೆ ಅದರಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು: ಇದು ನಾಲಗೆ, ಇದು ಹಲ್ಲು, ಇದು ಗಂಟಲು. 1997ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದ ಆ ಪುಸ್ತಕ ಈಗ ಕಾನ್‌ಸೊಂಗ್ ಕಲಾ ಸಂಗ್ರಹಾಲಯದಲ್ಲಿದೆ.

ಅದರಲ್ಲಿ ವ್ಯಂಜನಗಳು ಬರುವ ಕ್ರಮ ನೋಡಿ ನಾನು ಬೆರಗಾದೆ. ಕ, ಖ, ಙ. ಆಮೇಲೆ ತ, ಥ, ನ. ಆಮೇಲೆ ಪ, ಫ, ಮ. ನಮ್ಮ ಕವರ್ಗ, ತವರ್ಗ, ಪವರ್ಗ! ಕಾಕತಾಳೀಯವಲ್ಲ ಇದು. ಉಚ್ಚಾರಣೆಯ ಸ್ಥಾನ ನೋಡಿ ವರ್ಣಗಳನ್ನು ಗುಂಪು ಮಾಡುವ ಭಾರತದ ಶಾಸ್ತ್ರ ಬೌದ್ಧ ಭಿಕ್ಷುಗಳ ಜೊತೆ ಚೀನಾಕ್ಕೆ ಹೋಯಿತು. ಅಲ್ಲಿನ ಧ್ವನಿಶಾಸ್ತ್ರಜ್ಞರು ಅದರ ಪ್ರಭಾವದಲ್ಲಿ ತಮ್ಮ ಭಾಷೆಯ ಧ್ವನಿಗಳಿಗೆ ಕೋಷ್ಟಕ ಕಟ್ಟಿದರು. ಆ ಕೋಷ್ಟಕಗಳನ್ನು ಅರೆದು ಕುಡಿದವನು ಸೆಜೊಂಗ್. ನಾವು ಒಂದನೇ ಕ್ಲಾಸಿನಲ್ಲಿ ರಾಗವಾಗಿ ಹೇಳಿದ ವರ್ಣಮಾಲೆಯ ಹಿಂದಿನ ವಿಚಾರವೇ ಹಿಮಾಲಯ ದಾಟಿ, ಚೀನಾ ದಾಟಿ, ಹದಿನೈದನೆಯ ಶತಮಾನದ ಕೊರಿಯಾದಲ್ಲಿ ಹೊಸ ಹುಟ್ಟು ಪಡೆದಿದೆ. ಅದರ ಮೇಲೆ ಸೆಜೊಂಗ್ ಮಾಡಿದ್ದು ಅವನದೇ ಪ್ರತಿಭೆ. ಮಹಾಪ್ರಾಣ ಬೇಕೆ? ಅಲ್ಪಪ್ರಾಣಕ್ಕೆ ಒಂದು ಗೆರೆ ಸೇರಿಸು. ಕಕಾರಕ್ಕೆ ಗೆರೆ ಸೇರಿದರೆ ಖಕಾರ, ತಕಾರಕ್ಕೆ ಸೇರಿದರೆ ಥಕಾರ. ನಮ್ಮಲ್ಲೂ ದ, ಧ, ಡ, ಢ, ಪ, ಫ ಇವುಗಳಲ್ಲಿ ಹೊಟ್ಟೆ ಸೀಳುವ ಆ ಗೆರೆ ಇದೆ, ಆದರೆ ಕ, ಖ ಎರಡಕ್ಕೂ ಹೋಲಿಕೆಯೇ ಇಲ್ಲ. ಅಲ್ಲಿ ಅದು ಬಹುಮಟ್ಟಿಗೆ ನಿಯಮ.

ಹಂಗುಲ್ ಎಂದು ಕರೆಯುವ ಈ ಲಿಪಿಯಲ್ಲಿ ಇಂದು ಮೂಲಾಕ್ಷರಗಳು 24. ಹದಿನಾಲ್ಕು ವ್ಯಂಜನ, ಹತ್ತು ಸ್ವರ. ಇವನ್ನು ಸೇರಿಸಿ ಕಟ್ಟಬಹುದಾದ ಗುಚ್ಛಗಳು 11,172! ಆದರೂ ಯಾವ ಗುಚ್ಛವನ್ನೂ ಬಾಯಿಪಾಠ ಮಾಡಬೇಕಿಲ್ಲ. ಕಾಗುಣಿತ, ಒತ್ತಕ್ಷರ ಬಲ್ಲ ಕನ್ನಡದ ಕಣ್ಣಿಗೆ ಗುಚ್ಛ ಎಂಬ ವಿಚಾರ ಹೊಸದಲ್ಲ. ನಮ್ಮ ಒತ್ತು ಕೆಳಗೆ ಕೂತು ಮುಂದಿನ ಸ್ವರವನ್ನು ಹೊರುತ್ತದೆ, ಅವರ ತಳದ ಅಕ್ಷರ ಗುಚ್ಛದ ಬಾಗಿಲನ್ನು ಮುಚ್ಚುತ್ತದೆ, ಅಷ್ಟೇ.

ಇನ್ನು ಆ ತಳದ ಅಕ್ಷರದ ಕಥೆ. ಎಲ್ಲ ಗುಟ್ಟೂ ಅಲ್ಲಿದೆ. ಹೂವಿಗೆ ಕೊರಿಯನ್‌ನಲ್ಲಿ ಒಂದೇ ಗುಚ್ಛ: ಮೇಲೆ ಜೋಡಿ ಕಕಾರ, ನಡುವೆ ಒಕಾರ, ತಳದಲ್ಲಿ ಛಕಾರ. ಒಂಟಿಯಾಗಿ ಹೇಳಿದರೆ ಅದು ಕ್ಕೊತ್. ಮುಂದೆ ಇಕಾರ ಬಂದರೆ ಕ್ಕೊಛಿ. ಹೂ ಮಾತ್ರ ಎನ್ನಬೇಕಾದರೆ ಕ್ಕೊನ್‌ಮನ್. ಕಿವಿಗೆ ಬೀಳುವುದು ಮೂರು ಬೇರೆ ಬೇರೆ ಶಬ್ದ. ಕಣ್ಣಿಗೆ ಕಾಣುವುದು ಯಾವಾಗಲೂ ಅದೇ ಹೂವು. ಓದುವವನು ಒಮ್ಮೆ ಗುರುತು ಹಿಡಿದರೆ ಮುಗಿಯಿತು. ಈಗ ತಿರುಗಿಸಿ ನೋಡಿ. ನತ್ ಎಂಬ ಶಬ್ದ ಕಿವಿಗೆ ಬಿತ್ತು, ಬರೆಯಬೇಕು. ಯಾವ ನತ್? ತಳದಲ್ಲಿ ಸಕಾರ ಇಟ್ಟರೆ ಕುಡುಗೋಲು. ಜಕಾರ ಇಟ್ಟರೆ ಹಗಲು. ಛಕಾರ ಇಟ್ಟರೆ ಮುಖ. ತಕಾರ ಇಟ್ಟರೆ ಕಾಳು. ಥಕಾರ ಇಟ್ಟರೆ ಬಿಡಿ ವಸ್ತು. ಒಂಟಿಯಾಗಿ ಹೇಳುವಾಗ ಎಲ್ಲವೂ ನತ್! ಓದುವವನಿಗೆ ಅರ್ಥವನ್ನು ತಟ್ಟೆಯಲ್ಲಿಟ್ಟು ಕೊಡುವ ಬರವಣಿಗೆ, ಬರೆಯುವವನನ್ನು ಐದು ದಾರಿಗಳ ಕೂಡುರಸ್ತೆಯಲ್ಲಿ ನಿಲ್ಲಿಸುತ್ತದೆ. ಸಿಯೋಲ್‌ನಲ್ಲೇ ಹುಟ್ಟಿ ಬೆಳೆದವರೂ ಇಲ್ಲಿ ಎಡವುತ್ತಾರೆ. ಎ ಮತ್ತು ಏ ಅನ್ನುವಷ್ಟು ಹತ್ತಿರದ ಎರಡು ಸ್ವರಗಳು ಇಂದಿನ ಸಿಯೋಲ್ ಮಾತಿನಲ್ಲಿ ಬಹುತೇಕ ಒಂದಾಗಿಬಿಟ್ಟಿವೆ. ಕಣ್ಣಿಗೆ ಎರಡೂ ಸ್ಪಷ್ಟ, ಕೈಗೆ ಮಾತ್ರ ಪ್ರತಿ ಸಲವೂ ಪರೀಕ್ಷೆ.

ಇದು ಹೀಗಾಯಿತಲ್ಲ, ತಾನಾಗಿ ಆದದ್ದಲ್ಲ. ಜನ ಹೀಗೆ ಮಾಡಿದರು, ಬೇಕೆಂದೇ ಮಾಡಿದರು, ಅದಕ್ಕಾಗಿ ಒಬ್ಬ ರಾಷ್ಟ್ರಾಧ್ಯಕ್ಷರನ್ನೂ ಎದುರು ಹಾಕಿಕೊಂಡರು! ಎಳೆ ಹಿಡಿದು ಹೋದರೆ ಅದು ಮತ್ತೆ ದೊಂಗ್‌ನಿಮ್‌ಮುನ್‌ಗೇ ತಲುಪುತ್ತದೆ. ಆ ನಿಲ್ದಾಣಕ್ಕೆ ಹೆಸರು ಕೊಟ್ಟದ್ದು 1897ರಲ್ಲಿ ಕಟ್ಟಿ ಮುಗಿದ ಸ್ವಾತಂತ್ರ್ಯ ದ್ವಾರ. ಕಲ್ಲಿನ ಆ ದ್ವಾರದ ಒಂದು ಮೈಯಲ್ಲಿ ಹೆಸರು ಹಂಗುಲ್‌ನಲ್ಲಿದೆ, ಇನ್ನೊಂದು ಮೈಯಲ್ಲಿ ಚೀನೀ ಲಿಪಿಯಲ್ಲಿ. ಅದನ್ನು ಕಟ್ಟಿಸಲು ಮುಂದಾಗಿದ್ದವರು ಸೊ ಜೆಪಿಲ್. ಅದಕ್ಕೂ ಹಿಂದಿನ ವರ್ಷ, 1896ರ ಏಪ್ರಿಲ್ 7ರಂದು, ಅವರು ದೊಂಗ್‌ನಿಪ್ ಸಿನ್‌ಮುನ್ ಎಂಬ ಪತ್ರಿಕೆ ಶುರುಮಾಡಿದ್ದರು. ಚೀನೀ ಅಕ್ಷರಗಳನ್ನು ಬಿಟ್ಟು ಹಂಗುಲ್‌ನಲ್ಲಿ ಅಚ್ಚಾದ ಪತ್ರಿಕೆ. ಪದ ಪದದ ನಡುವೆ ಜಾಗ ಬಿಟ್ಟು ಅಚ್ಚು ಹಾಕಿದ ಪತ್ರಿಕೆ. ಹಾಗೇಕೆಂದು ಮೊದಲ ಸಂಚಿಕೆಯಲ್ಲೇ ಕಾರಣ ಕೊಟ್ಟರು: ಮೇಲಿನವರು ಕೆಳಗಿನವರು ಎನ್ನದೆ ಎಲ್ಲರೂ ಸುಲಭವಾಗಿ ಓದಲಿ ಎಂದು. ನೋಡಿ, ಪದಗಳ ನಡುವಿನ ಖಾಲಿ ಜಾಗ ಕೂಡ ಓದುವವನಿಗೆ ಕೊಟ್ಟ ಉಡುಗೊರೆ.

ಆ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದಲು ಕೂತಿದ್ದವನು ಇಪ್ಪತ್ತರ ಹರೆಯದ ವಿದ್ಯಾರ್ಥಿ, ಜು ಸಿಗ್ಯೊಂಗ್. ಒಂದೇ ಪದವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಿದ್ದ ಕಾಲ. ಕರಡು ತಿದ್ದುವವನ ಸಂಕಟ ಅದನ್ನು ಮಾಡಿದವನಿಗೇ ಗೊತ್ತು. ಆ ಸಂಕಟದಿಂದ ಅವನು ಭಾಷಾವಿಜ್ಞಾನಿಯಾದ. ಪದ ಎಲ್ಲಿ ಬಂದರೂ, ಹೇಗೆ ಉಚ್ಚಾರವಾದರೂ, ಅದರ ಮೂಲ ಆಕಾರ ಒಂದೇ ಇರಬೇಕು ಎಂದು ವಾದಿಸಿದ. ಹಂಗುಲ್ ಎಂಬ ಹೆಸರು ಚಲಾವಣೆಗೆ ಬಂದದ್ದೂ ಅವನಿಂದಲೇ ಎನ್ನುತ್ತಾರೆ. 1914ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡ. ಆದರೆ ಅವನ ಶಿಷ್ಯರು ಬಿಡಲಿಲ್ಲ. ಜಪಾನೀ ಆಳ್ವಿಕೆಯ ಕೆಳಗೇ ಕೂತು 1933ರಲ್ಲಿ ಏಕರೂಪದ ಬರವಣಿಗೆಯ ನಿಯಮಾವಳಿ ಹೊರತಂದರು. ತಳದಲ್ಲಿ ಛಕಾರ, ಥಕಾರ, ಹಕಾರ ಎಲ್ಲವನ್ನೂ ಬರೆಯಬೇಕು, ಬಾಯಿ ಅದನ್ನು ಹೇಗೆ ಬದಲಿಸಿದರೂ ಸರಿ!

ಸೋಜಿಗವೆಂದರೆ ಇದು ಹೊಸ ಆಲೋಚನೆಯೂ ಆಗಿರಲಿಲ್ಲ. ತಳಕ್ಕೆ ಎಂಟು ಅಕ್ಷರ ಸಾಕು, ಕೇಳಿದಂತೆ ಬರೆದರಾಯಿತು ಎಂದು 1446ರ ವಿವರಣೆಯ ಗ್ರಂಥ ಹೇಳಿತ್ತು. ಮುಂದೆ ಶತಮಾನಗಳ ಕಾಲ ಜನ ಹೆಚ್ಚುಕಡಿಮೆ ಹಾಗೇ ಬರೆದರು. ಆದರೆ 1447ರಲ್ಲಿ ಅಚ್ಚಾದ, ಸೆಜೊಂಗ್‌ನ ಆಸ್ಥಾನದ್ದೇ ಕಾವ್ಯದಲ್ಲಿ, ಹೂವು ಎಂಬ ಪದದ ತಳದಲ್ಲಿ ಆ ಎಂಟರಲ್ಲಿ ಸೇರದ ಜಕಾರವಿದೆ. ಪದದ ಮೂಲವನ್ನು ಕಣ್ಣಿಗೆ ಕಾಣಿಸುವ ಆಸೆ ಮೊದಲ ದಿನದಿಂದಲೇ ಇತ್ತು!

1953ರಲ್ಲಿ, ಯುದ್ಧದಿಂದ ನಾಡು ಇನ್ನೂ ಚೇತರಿಸಿಕೊಂಡಿರದಾಗ, ಅಧ್ಯಕ್ಷ ಸಿಂಗ್ಮನ್ ರೀ ಈ ಬರವಣಿಗೆ ಕಷ್ಟವಾಯಿತು, ಹಳೆಯ ಕಾಲದಲ್ಲಿದ್ದಂತೆ ಕೇಳಿದ್ದನ್ನು ಕೇಳಿದಂತೆ ಬರೆಯೋಣ ಎಂದು ಪಟ್ಟು ಹಿಡಿದರು. ಸರ್ಕಾರಿ ಆದೇಶವೂ ಹೊರಟಿತು. ಬರೆಯುವವನ ಕಡೆಯಿಂದ ನೋಡಿದರೆ ಅವರ ಮಾತು ನ್ಯಾಯವೇ. ಆದರೆ ವಿದ್ವಾಂಸರು, ಶಿಕ್ಷಕರು, ಪತ್ರಿಕೆಗಳವರು ಒಪ್ಪಲಿಲ್ಲ. ಜಗ್ಗಾಟ ಎರಡು ವರ್ಷಕ್ಕೂ ಮೀರಿ ನಡೆದು, 1955ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷರೇ ಹಿಂದೆ ಸರಿದರು. ಯುದ್ಧ ಕಂಡ, ಹಸಿದ ನಾಡೊಂದು ಪದದ ತಳದ ಮೂಕ ಅಕ್ಷರಗಳಿಗಾಗಿ ಇಷ್ಟು ಗಟ್ಟಿಯಾಗಿ ನಿಂತಿತು ಎಂಬುದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ಬರೆಯದೆ ಓದುವುದು ಏನು, ಇಂದಿನವರು ಕಂಡುಹಿಡಿದ ಅಡ್ಡದಾರಿಯೇ? ಸ್ವೀಡನ್ನಿನಲ್ಲಿ 1686ರ ಚರ್ಚ್ ಕಾನೂನು ಎಲ್ಲರೂ ಓದಲು ಕಲಿಯಬೇಕೆಂದಿತು, ಬರೆಯಲು ಹೇಳಲಿಲ್ಲ. ತಲೆಮಾರುಗಳ ಕಾಲ ಅಲ್ಲಿ ಓದಬಲ್ಲವರು ಬಹಳ, ಬರೆಯಬಲ್ಲವರು ಕೆಲವರೇ. ಕೊರಿಯಾದಲ್ಲೇ, ಹದಿನೆಂಟನೆಯ ಶತಮಾನದ ಸಿಯೋಲ್‌ನಲ್ಲಿ, ಹಂಗುಲ್ ಕಥೆಪುಸ್ತಕಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಹೆಂಗಸರು ತಲೆಪಿನ್ನು, ಬಳೆ ಮಾರಿ, ಸಾಲ ಮಾಡಿ ಪುಸ್ತಕ ತಂದು ಓದುತ್ತಾರೆಂದು ಚೆ ಜೆಗೊಂಗ್ ಎಂಬ ಮಂತ್ರಿ ಗೊಣಗಿದ್ದು ದಾಖಲೆಯಲ್ಲಿದೆ. ಬಳೆ ಮಾರಿ ಓದಿದ ಆ ತಾಯಂದಿರಿಗೆ ನನ್ನ ನಮಸ್ಕಾರ! ಓದಲು ಬಾರದವರಿಗೆ ಬೀದಿಯಲ್ಲಿ ಕೂತು ಕಥೆ ಓದಿ ಹೇಳುವ ಕಸುಬುದಾರರಿದ್ದರು. ಕಥೆಯ ನಾಯಕನಿಗೆ ಸೋಲಾಗುವ ಘಟ್ಟದಲ್ಲಿ ಕೇಳುಗನೊಬ್ಬ ತಾಳ್ಮೆ ಕಳೆದುಕೊಂಡು, ಓದುತ್ತಿದ್ದವನ ಮೇಲೇ ಹರಿತ ಆಯುಧ ಬೀಸಿ ಕೊಂದ ಘಟನೆ ಜೊಂಗ್‌ನೊ ಬೀದಿಯ ತಂಬಾಕಿನ ಅಂಗಡಿಯಲ್ಲಿ ನಡೆಯಿತು. 1790ರಲ್ಲಿ ರಾಜ ಜೊಂಗ್‌ಜೊ ಅದನ್ನು ಆಸ್ಥಾನದಲ್ಲೇ ಪ್ರಸ್ತಾಪಿಸಿದ. ಕಣ್ಣು, ಕಿವಿ, ಬಾಯಿ ಮೂರರಿಂದಲೇ ಒಂದು ಭಾಷೆ ಜನರನ್ನು ಅಷ್ಟರಮಟ್ಟಿಗೆ ಹಿಡಿದಿಟ್ಟಿತ್ತು.

ಮಾತಿನ ಕಡೆ ಬಂದರೆ ಕನ್ನಡದವರಿಗೆ ಇನ್ನೊಂದು ನಿಧಿ ಕಾದಿದೆ. ನಾನು ನಿನ್ನೆ ಗೆಳೆಯನ ಜೊತೆ ಸಿನಿಮಾ ನೋಡಿದೆ. ಇದನ್ನು ಕೊರಿಯನ್‌ನಲ್ಲಿ ಹೇಳಿದರೆ: ನಾನುನ್ ಒಜೆ ಛಿಂಗುಹಗೊ ಯೊಂಗ್‌ಹ್ವರುಲ್ ಬ್ವತ್ತ. ಪದಕ್ಕೆ ಪದ ಅದೇ ಕ್ರಮ! ಗೆಳೆಯ ಎಂದ ಮೇಲೆ ಜೊತೆ, ಸಿನಿಮಾ ಎಂದ ಮೇಲೆ ವಿಭಕ್ತಿ, ಕೊನೆಗೆ ಕ್ರಿಯಾಪದ. ಒಂದು ಪದವನ್ನೂ ಆಚೀಚೆ ಮಾಡಬೇಕಿಲ್ಲ. ಇನ್ನೂ ಕೇಳಿ. ಹೊಸ ತಿಂಡಿ ಮುಂದಿಟ್ಟು ನಾವು ತಿಂದು ನೋಡು ಎನ್ನುತ್ತೇವೆ. ಅವರೂ ತಿನ್ನು ಎಂಬ ಧಾತುವಿಗೆ ನೋಡು ಎಂಬ ಧಾತು ಸೇರಿಸಿ ಮೊಗೊ ಬ್ವಾ ಎನ್ನುತ್ತಾರೆ. ನಮ್ಮ ಮಾಡಿ ಕೊಡು ಅಲ್ಲಿ ಹೆ ಜ್ವೊ, ಅಲ್ಲೂ ಮಾಡು ಮತ್ತು ಕೊಡು. ನಮ್ಮ ಹೋಗಿಬಿಟ್ಟ ಎಂಬುದರಲ್ಲಿ ಬಿಡು ಇದ್ದರೆ, ಅವರ ಗಾ ಬೊರ್ಯೊತ್ತ ಎಂಬುದರಲ್ಲಿ ಎಸೆದುಬಿಡು ಎಂಬ ಧಾತು. ಇಂಗ್ಲಿಷಿನ ಮೂಲಕ ಕೊರಿಯನ್ ಕಲಿಯುವವರು ತಿಂಗಳುಗಟ್ಟಲೆ ತಿಣುಕುವ ಈ ಜಾಗಗಳಲ್ಲಿ ಕನ್ನಡಿಗರು ಮನೆಯ ಹಜಾರದಲ್ಲಿ ಓಡಾಡಿದಂತೆ ಓಡಾಡಬಹುದು.

1886ರಲ್ಲಿ ಕೊರಿಯಾಕ್ಕೆ ಶಿಕ್ಷಕನಾಗಿ ಬಂದ ಅಮೆರಿಕದ ಹೋಮರ್ ಹಲ್ಬರ್ಟ್ ಈ ಹೋಲಿಕೆಗಳಿಂದ ಎಷ್ಟು ಪುಳಕಗೊಂಡನೆಂದರೆ, 1905ರ ಹೊತ್ತಿಗೆ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನೇ ಬರೆದುಬಿಟ್ಟ. ಎರಡೂ ಒಂದೇ ಮೂಲದವು ಎಂಬ ಅವನ ಸಿದ್ಧಾಂತವನ್ನು ಇಂದಿನ ಭಾಷಾವಿಜ್ಞಾನ ಒಪ್ಪುವುದಿಲ್ಲ. ರಕ್ತಸಂಬಂಧ ಇಲ್ಲದೆಯೂ ಎರಡು ಭಾಷೆಗಳು ಇಷ್ಟು ಹತ್ತಿರ ನಡೆಯಬಲ್ಲವು ಎಂಬುದೇ ನನಗೆ ಹೆಚ್ಚಿನ ಅಚ್ಚರಿ.

ಉಚ್ಚಾರಣೆ ಮಾತ್ರ ಬೆವರಿಳಿಸುತ್ತದೆ. ದಾಲ್ ಎಂದರೆ ಚಂದ್ರ, ತ್ತಾಲ್ ಎಂದರೆ ಮಗಳು, ಥಾಲ್ ಎಂದರೆ ಮುಖವಾಡ. ನಮ್ಮ ಕಿವಿ ಘೋಷ ಅಘೋಷಗಳಲ್ಲಿ ಪಳಗಿದೆ, ಅವರ ಭೇದ ಬೇರೆ ಜಾಗದಲ್ಲಿದೆ. ಒಂದೇ ಅಕ್ಷರ ಪದದ ಮೊದಲಲ್ಲಿ ಕಕಾರದ ಹತ್ತಿರ, ಸ್ವರಗಳ ನಡುವೆ ಗಕಾರ. ತಮಿಳು ಫಲಕಗಳನ್ನು ಓದಿ ಅಭ್ಯಾಸವಿದ್ದವರಿಗೆ ಈ ಆಟ ಪರಿಚಿತ. ಇಲ್ಲಿ ಓದು ಮಾತಿನ ಕೈ ಹಿಡಿಯುತ್ತದೆ. ಕಿವಿಗೆ ಮೂರೂ ಒಂದೇ ಅನ್ನಿಸಿದಾಗ ಕಣ್ಣು ಹೇಳುತ್ತದೆ: ಇಲ್ಲಿ ಒಂಟಿ ಅಕ್ಷರ, ಇಲ್ಲಿ ಜೋಡಿ, ಇಲ್ಲೊಂದು ಗೆರೆ ಹೆಚ್ಚು.

ಹಾಗಾದರೆ ಕೈಗೆ ಕೆಲಸವೇ ಇಲ್ಲವೇ? ಒಂದು ಕಡೆ ಇದೆ, ಅದನ್ನು ಮುಚ್ಚಿಡಬಾರದು. ನೇರ ಗೆರೆಯ ಬಲಕ್ಕೆ ಗೀಟು ಹಾಕಿದರೆ ಆ, ಎಡಕ್ಕೆ ಹಾಕಿದರೆ ಬಾಯಿ ಅಗಲಿಸಿದ ಒ. ಅಡ್ಡಗೆರೆಯ ಮೇಲೆ ಗೀಟಾದರೆ ದುಂಡು ಒ, ಕೆಳಗಾದರೆ ಉ. ಕನ್ನಡಿಯಲ್ಲಿ ತಿರುಗಿಸಿದರೆ ಸ್ವರವೇ ಬದಲು! ಮುನ್ ಗುಚ್ಛವನ್ನು ತಲೆಕೆಳಗು ಮಾಡಿ ನೋಡಿ. ತಳದ ನಕಾರ ಮೇಲೆ ಬಂದು ಗಕಾರವಾಗುತ್ತದೆ, ಉಕಾರ ತಿರುಗಿ ಒಕಾರವಾಗುತ್ತದೆ, ಚೌಕ ಚೌಕವಾಗಿಯೇ ತಳದಲ್ಲಿ ನಿಲ್ಲುತ್ತದೆ: ಗೊಮ್. ಮುನ್ ಎಂದರೆ ದ್ವಾರ, ಗೊಮ್ ಎಂದರೆ ಕರಡಿ. ದ್ವಾರ ಇದ್ದದ್ದು ಕರಡಿಯಾಯಿತು! ಇಷ್ಟು ಚಂದದ ಈ ಗುಣವೇ ಹೊಸ ಓದುಗನ ತೊಡಕು, ಏಕೆಂದರೆ ಎಡಕ್ಕೆ ತಿರುಗಿದ ವಸ್ತುವನ್ನೂ ಬಲಕ್ಕೆ ತಿರುಗಿದ ವಸ್ತುವನ್ನೂ ಒಂದೇ ಎಂದು ಗುರುತಿಸುವುದು ಮಿದುಳಿನ ಹುಟ್ಟುಸ್ವಭಾವ. ಫ್ರಾನ್ಸಿನ ಮರೀಕ್ ಲಾಂಗ್‌ಕಾಂ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಯಸ್ಕರಿಗೆ ಗೊತ್ತಿಲ್ಲದ ಲಿಪಿಯ ಅಕ್ಷರಗಳನ್ನು ಕಲಿಸಿದರು, ಕೆಲವನ್ನು ಕೈಯಲ್ಲಿ ಬರೆಸಿ, ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಸಿ. ವಾರಗಳ ನಂತರ ನೋಡಿದರೆ, ಕೈಯಲ್ಲಿ ಬರೆದ ಅಕ್ಷರಗಳನ್ನೇ ಅವುಗಳ ಕನ್ನಡಿಬಿಂಬದಿಂದ ಹೆಚ್ಚು ಸರಿಯಾಗಿ ಬೇರ್ಪಡಿಸುತ್ತಿದ್ದರು. ಹಾಗಾಗಿ ಆ ಸ್ವರಗಳನ್ನಾದರೂ ಬೆರಳಿನಿಂದ ಮೇಜಿನ ಮೇಲೆ ಗೀಚಿಕೊಳ್ಳುವುದು ಒಳ್ಳೆಯದು. ಅಲ್ಲಿಗೆ ಕೈಯ ಋಣ ತೀರಿತು. ವ್ಯಂಜನಗಳಿಗೆ ನಾಲಗೆಯೇ ಸಾಕ್ಷಿ. ಕಕಾರದ ಆಕಾರ ಮರೆಯುವವರಿಗೆಂದು ಕೊರಿಯನ್ನರದೇ ಗಾದೆಯಿದೆ: ಎದುರಿಗೆ ಕುಡುಗೋಲು ಇಟ್ಟುಕೊಂಡೂ ಕಕಾರ ಗೊತ್ತಿಲ್ಲದವನು ಎಂದು, ಅಕ್ಷರಜ್ಞಾನ ಇಲ್ಲದವನನ್ನು ಅವರು ಕರೆಯುತ್ತಾರೆ. ಬಾಗಿದ ಕುಡುಗೋಲೇ ಆ ಅಕ್ಷರ.

ಮೊಬೈಲ್ ಫೋನಿನ ಕಥೆ ಇನ್ನೂ ರೋಮಾಂಚಕ. ಸ್ವರಗಳಿಗೆ ಸೆಜೊಂಗ್ ಇಟ್ಟ ಬೀಜಗಳು ಮೂರೇ: ಆಕಾಶಕ್ಕೆ ಒಂದು ಚುಕ್ಕೆ, ಭೂಮಿಗೆ ಅಡ್ಡಗೆರೆ, ನಿಂತ ಮನುಷ್ಯನಿಗೆ ನೇರ ಗೆರೆ. ಚುಕ್ಕೆ ಒಂಟಿ ಸ್ವರವಾಗಿಯೂ ಇತ್ತು, 1933ರ ನಿಯಮಾವಳಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆದರೆ ಸ್ಯಾಮ್‌ಸಂಗ್ ಫೋನುಗಳಿಂದ ಮನೆಮಾತಾದ ಛೊನ್‌ಜಿಇನ್ ಕೀಲಿಮಣೆಯಲ್ಲಿ ಸ್ವರಗಳಿಗೆ ಇರುವುದು ಅವೇ ಮೂರು ಗುಂಡಿಗಳು, ಗೆರೆ, ಚುಕ್ಕೆ, ಗೆರೆ! ಹದಿನೈದನೆಯ ಶತಮಾನದ ರಾಜನ ಲೆಕ್ಕಾಚಾರ ಇಂದು ಸಿಯೋಲ್ ಬಸ್ಸಿನಲ್ಲಿ ಕೂತವರ ಹೆಬ್ಬೆರಳಿನಲ್ಲಿ ಓಡುತ್ತಿದೆ. ಅವರು ಕಳಿಸುವ ಸಂದೇಶಗಳಲ್ಲಿ ಕೆಲವೊಮ್ಮೆ ಗುಚ್ಛ ಕಟ್ಟುವ ಗೋಜೂ ಇಲ್ಲ. ಖಕಾರವನ್ನು ಸಾಲಾಗಿ ಒತ್ತಿದರೆ ಅದು ನಗು, ಸೊನ್ನೆಯನ್ನು ಎರಡು ಸಲ ಒತ್ತಿದರೆ ಹೂಂ.

ಕೊನೆಗೆ ಪರೀಕ್ಷೆಯ ಮಾತು. ವಿದೇಶಿಯರಿಗಾಗಿ ದಕ್ಷಿಣ ಕೊರಿಯಾ 1997ರಿಂದ ನಡೆಸುತ್ತಿರುವ ಟಾಪಿಕ್ ಪರೀಕ್ಷೆಯ ಮೊದಲ ಹಂತದ ಪ್ರಶ್ನೆಪತ್ರಿಕೆ ತೆಗೆದು ನೋಡಿದಾಗ ನನ್ನ ಖುಷಿ ಹೇಳತೀರದು. ಕೇಳಿ ಉತ್ತರಿಸಲು 30 ಪ್ರಶ್ನೆ, 40 ನಿಮಿಷ. ಓದಿ ಉತ್ತರಿಸಲು 40 ಪ್ರಶ್ನೆ, 60 ನಿಮಿಷ. ಒಟ್ಟು 200 ಅಂಕ. ಬರವಣಿಗೆ? ಇಲ್ಲವೇ ಇಲ್ಲ! 80 ಅಂಕ ಬಂದರೆ ಒಂದನೇ ಮಟ್ಟ, 140 ಬಂದರೆ ಎರಡನೆಯದು, ಕೊರಿಯನ್‌ನಲ್ಲಿ ಒಂದು ವಾಕ್ಯವನ್ನೂ ಬರೆಯದೆ. ಮಾತಿಗೆ ಪ್ರತ್ಯೇಕ ಪರೀಕ್ಷೆ 2022ರಿಂದ ಇದೆ. ಪೆನ್ನು ಬೇಕಾಗುವುದು ಎರಡನೇ ಹಂತದಲ್ಲಿ, 51ರಿಂದ 54ರವರೆಗಿನ ನಾಲ್ಕು ಪ್ರಶ್ನೆಗಳಿಗೆ. ಕೊನೆಯದಕ್ಕೆ ಚೌಕುಳಿ ಹಾಳೆಯಲ್ಲಿ, ಜಾಗ ಬಿಟ್ಟದ್ದೂ ಸೇರಿ, 600ರಿಂದ 700 ಅಕ್ಷರಗುಚ್ಛಗಳ ಪ್ರಬಂಧ. ಕೊರಿಯಾದ ವಿಶ್ವವಿದ್ಯಾಲಯ ಸೇರಬೇಕೆಂದವರು, ಅಲ್ಲಿ ಉದ್ಯೋಗ ಮಾಡಬೇಕೆಂದವರು ಹಲವರು ಆ ನಾಲ್ಕು ಪ್ರಶ್ನೆಗಳಿಗೆ ಬೆವರು ಸುರಿಸಬೇಕಾಗುತ್ತದೆ. ನತ್ ಎಂದರೆ ಯಾವ ನತ್ ಎಂದು ಯೋಚಿಸುತ್ತ ಕೂರುವ ಆ ಶ್ರಮಕ್ಕೆ ನನ್ನ ಗೌರವವಿದೆ.

ಉಳಿದವರಿಗೆ ದಾರಿ ಬೇರೆ. ಮೊದಲು ಅಂಗಡಿಯ ಫಲಕ, ಊಟದ ಪಟ್ಟಿ, ನಿಲ್ದಾಣದ ಹೆಸರು. ಅಲ್ಲಿಂದ ವೆಬ್‌ಟೂನ್: ಚಿತ್ರ ಅರ್ಥ ಹೇಳುತ್ತದೆ, ಗುಳ್ಳೆಯೊಳಗಿನ ಮಾತು ಆಡುಮಾತೇ ಆಗಿರುವುದರಿಂದ ಓದಿದ್ದು ನೇರ ನಾಲಗೆಗೆ ಹತ್ತುತ್ತದೆ. ಗಟ್ಟಿಯಾಗಿ ಓದಬೇಕು, ಸಂಧಿ ಬಾಯಲ್ಲಿ ಆಗಬೇಕಲ್ಲ! ಅದಾದ ಮೇಲೆ ಮಕ್ಕಳ ಕಥೆ, ಸಣ್ಣ ಕಥೆ. 2024ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಪಡೆದ ಹಾನ್ ಕಾಂಗ್ ಅವರ ಕಾದಂಬರಿಗಳು ಆ ಸಾಲಿನ ಮುಂದಿನ ಕಪಾಟಿನಲ್ಲಿವೆ, ಅವರೇ ಬರೆದ ಭಾಷೆಯಲ್ಲಿ, ಪದ ಪದದ ನಡುವೆ ಜಾಗ ಬಿಟ್ಟು.